ಮುಳಬಾಗಿಲಿನ ಕದನ ಮತ್ತು ಕರ್ನಲ್ ವಿಲ್ಕ್ಸ್‌ನ ಯುದ್ಧಕಥನ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳನ್ನು ಒಳಗೊಂಡ ಸೀಮೆಯ ಹದಿನೆಂಟನೆಯ ಶತಮಾನದ ಚರಿತ್ರೆ ಬಹುಮಟ್ಟಿಗೆ ಒಬ್ಬ ಸೈನಿಕನ ಪುಸ್ತಕವನ್ನು ಆಧರಿಸಿ ನಿಂತಿದೆ. ಆ ಪುಸ್ತಕ ಮಾರ್ಕ್ ವಿಲ್ಕ್ಸ್‌ನ ‘ಹಿಸ್ಟಾರಿಕಲ್ ಸ್ಕೆಚಸ್ ಆಫ್ ದಿ ಸೌತ್ ಆಫ್ ಇಂಡಿಯಾ’. ಇದರ ಮೊದಲ ಸಂಪುಟ 1810ರಲ್ಲಿಯೂ ಎರಡನೆಯ ಮತ್ತು ಮೂರನೆಯ ಸಂಪುಟಗಳು 1817ರಲ್ಲಿಯೂ ಲಂಡನ್ನಿನಲ್ಲಿ ಪ್ರಕಟವಾದವು. 1869ರಲ್ಲಿ ಮದ್ರಾಸಿನಲ್ಲಿ ಮರುಮುದ್ರಣವಾಯಿತು. 1930ರಲ್ಲಿ ಮರ್ರೆ ಹ್ಯಾಮಿಕ್‌ನ ಸಂಪಾದಕತ್ವದಲ್ಲಿ ಮೈಸೂರು ಸರ್ಕಾರವೇ ಅದನ್ನು ಮತ್ತೆ ಅಚ್ಚುಹಾಕಿಸಿತು. ಲೂಯಿಸ್ ರೈಸ್‌ನ ಮೈಸೂರು ಗ್ಯಾಸೆಟಿಯರಿನ ಇತಿಹಾಸ ಭಾಗ ವಿಲ್ಕ್ಸ್‌ನನ್ನು ಬಹಳವಾಗಿ ಅನುಸರಿಸಿತು; ಗ್ಯಾಸೆಟಿಯರಿನಿಂದ ಅದು ಶಾಲೆಯ ಪಠ್ಯಗಳಿಗೂ ಸ್ಥಳಪುರಾಣಗಳಿಗೂ ಇಳಿಯಿತು. ಹೀಗೆ ಮೂಲವನ್ನು ಮರೆಸಿ ಎಲ್ಲರ ತಿಳಿವಳಿಕೆಯಾಗಿಬಿಟ್ಟ ಗ್ರಂಥವನ್ನು ಗ್ರಂಥವೆಂದೇ ಮತ್ತೆ ಓದಬೇಕಾದ ಅಗತ್ಯವಿದೆ. ಅದರ ಗುಣದೋಷಗಳನ್ನು ಪರೀಕ್ಷಿಸಲು 1768ರ ಅಕ್ಟೋಬರ್ 4ರಂದು ಮುಳಬಾಗಿಲಿನಲ್ಲಿ ನಡೆದ ಕದನದ ಪ್ರಕರಣ ಅನುಕೂಲವಾಗಿದೆ.

ಮೈಸೂರಿನ ಯುದ್ಧಗಳನ್ನು ಕುರಿತು ಬರೆದ ಸೈನಿಕ ವಿಲ್ಕ್ಸ್ ಒಬ್ಬನೇ ಅಲ್ಲ. ಪ್ರತಿಯೊಂದು ಯುದ್ಧ ಮುಗಿದ ಒಡನೆ ಅದರಲ್ಲಿ ಪಾಲ್ಗೊಂಡ ಅಧಿಕಾರಿಗಳು ಪುಸ್ತಕ ಪ್ರಕಟಿಸುವುದು ಆ ಕಾಲದಲ್ಲಿ ಒಂದು ಪದ್ಧತಿಯೇ ಆಗಿತ್ತು. ಎರಡನೆಯ ಮೈಸೂರು ಯುದ್ಧವನ್ನು ಕುರಿತ ಇನ್ನೆಸ್ ಮನ್ರೋನ ಗ್ರಂಥ 1789ರಲ್ಲಿ ಬಂದಿತು. ಮೂರನೆಯ ಯುದ್ಧ 1792ರಲ್ಲಿ ಮುಗಿಯಿತು. ಮೇಜರ್ ಡಿರಮ್‌ನ ಕಥನ 1793ರಲ್ಲಿಯೂ ಎಡ್ವರ್ಡ್ ಮೂರ್‌ನದು 1794ರಲ್ಲಿಯೂ ಹೊರಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮರುವರ್ಷವೇ ಬೀಟ್ಸನ್‌ನ ಗ್ರಂಥ ಸಿದ್ಧವಾಗಿತ್ತು. ಎದುರು ಪಾಳೆಯದ ಕಡೆಯಿಂದ, ಹೈದರನ ತೋಪಿನ ಪಡೆಯಲ್ಲಿದ್ದ ಫ್ರೆಂಚ್ ಅಧಿಕಾರಿ ಮೇಸ್ತ್ರ್ ದ ಲಾ ತೂರ್ 1783ರಲ್ಲಿಯೇ ಹೈದರನ ಚರಿತ್ರೆಯನ್ನು ಪ್ಯಾರಿಸ್ಸಿನಲ್ಲಿ ಪ್ರಕಟಿಸಿದ್ದನು. ಇವೆಲ್ಲ ತಮ್ಮ ಕಾಲದ ಹೊಸ ಯುದ್ಧವನ್ನು, ಅಂದರೆ ತೋಪು, ಕವಾಯತು ಕಲಿತ ಕಾಲಾಳು ಮತ್ತು ಎತ್ತಿನ ಸಾಗಾಟ ಎಂಬ ಮೂರನ್ನು ನೆಚ್ಚಿದ ಯುದ್ಧವನ್ನು ಬಣ್ಣಿಸಿದ ಕೃತಿಗಳು. ಆದರೆ ಅವುಗಳಲ್ಲಿ ಬಹುಪಾಲು ಬಿಸಿ ಆರುವ ಮೊದಲೇ ಬಡಿಸಿದ ಅಡುಗೆ. ತಾನು ಕಂಡದ್ದೇ ಯುದ್ಧ, ತನ್ನ ಸೇನಾಪತಿಯದೇ ಸರಿ ಎಂಬ ಧೋರಣೆ ಅವುಗಳಲ್ಲಿ ಸಾಮಾನ್ಯ. ಲಾ ತೂರ್‌ನಲ್ಲಂತೂ ಸಂಖ್ಯೆಗಳು ಉಬ್ಬಿಕೊಂಡೇ ಬರುತ್ತವೆ.

ವಿಲ್ಕ್ಸ್ ಈ ಗುಂಪಿಗೆ ಸೇರಿಯೂ ಸೇರದವನು. ಮ್ಯಾನ್ ದ್ವೀಪದಲ್ಲಿ ಹುಟ್ಟಿದ ಈತ 1780ರ ದಶಕದ ಆರಂಭದಲ್ಲಿ ಕಂಪನಿಯ ಮದ್ರಾಸು ಸೈನ್ಯವನ್ನು ಸೇರಿದನು. ಸೇನಾಮಂಡಳಿಯ ಕಾರ್ಯದರ್ಶಿ ಕಚೇರಿಯಲ್ಲಿ ದುಡಿದನು. ಮೂರನೆಯ ಮೈಸೂರು ಯುದ್ಧದಲ್ಲಿ ಕರ್ನಲ್ ಜೇಮ್ಸ್ ಸ್ಟುವರ್ಟನ ಆಪ್ತ ಸೇನಾಧಿಕಾರಿಯಾಗಿ ರಣರಂಗವನ್ನೂ ಕಂಡನು. 1803ರಿಂದ 1808ರವರೆಗೆ ಮೈಸೂರಿನ ರೆಸಿಡೆಂಟನಾಗಿದ್ದು ದಿವಾನ್ ಪೂರ್ಣಯ್ಯನ ಒಡನಾಟವನ್ನು ಪಡೆದನು. ಕಚೇರಿಯ ಕಾಗದ, ಪಾಳೆಯದ ಧೂಳು ಎರಡರ ಪರಿಚಯವೂ ಇದ್ದ ಲೇಖಕನೀತ. 1813ರಲ್ಲಿ ಸೇಂಟ್ ಹೆಲೆನಾ ದ್ವೀಪದ ರಾಜ್ಯಪಾಲನಾಗಿ ಹೋದಾಗ ಅವನು ಅಧಿಕಾರ ವಹಿಸಿಕೊಂಡದ್ದು ಮೇಲೆ ಹೇಳಿದ ಬೀಟ್ಸನ್ನನಿಂದಲೇ. ಟಿಪ್ಪುವಿನ ಮೇಲಿನ ಯುದ್ಧವನ್ನು ಬರೆದ ಇಬ್ಬರು ಸೈನಿಕರು ಒಬ್ಬರ ಹಿಂದೆ ಒಬ್ಬರು ಆ ಒಂಟಿ ದ್ವೀಪವನ್ನಾಳಿದ್ದು, 1815ರ ಅಕ್ಟೋಬರಿನಲ್ಲಿ ಸೆರೆಯಾಳಾಗಿ ಬಂದ ನೆಪೋಲಿಯನ್ನನನ್ನು ಎರಡನೆಯವನು ಬರಮಾಡಿಕೊಂಡದ್ದು ಚರಿತ್ರೆಯ ಒಂದು ವಿನೋದ. ವಿಲ್ಕ್ಸ್ 1816ರಲ್ಲಿ ದ್ವೀಪವನ್ನು ಬಿಟ್ಟನು. ಮರುವರ್ಷ ಉಳಿದೆರಡು ಸಂಪುಟಗಳು ಬಂದವು.

ವಿಲ್ಕ್ಸ್‌ನ ಆಕರಗಳ ವಿಚಾರದಲ್ಲಿ ಮೊದಲ ಸಂಪುಟದ ಮುನ್ನುಡಿ ಗಮನಾರ್ಹವಾದುದು. ಕನ್ನಡ ನಾಡಿನ ಕಡತವನ್ನು ಇಷ್ಟು ಕೂಲಂಕಷವಾಗಿ ವರ್ಣಿಸಿದ ಹೊರಗಿನವರು ಕಡಿಮೆ. ಉದ್ದನೆಯ ಬಟ್ಟೆಗೆ ಇದ್ದಿಲಪುಡಿ ಕಲಸಿದ ಸರಿಯನ್ನು ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಎರಡು ತುದಿಗೂ ಮರದ ಹಲಗೆ ಅಂಟಿಸಿ, ಬಳಪದಿಂದ ಬರೆಯುವ ಕ್ರಮವನ್ನು ಆತ ತಾಳ್ಮೆಯಿಂದ ನಿರೂಪಿಸುತ್ತಾನೆ. ಬರೆದದ್ದನ್ನು ಒರಸಿ ಮತ್ತೆ ಬರೆಯಬಹುದೆಂಬುದನ್ನೂ, ಜೋಪಾನವಾಗಿ ಇಟ್ಟರೆ ಅದು ಬಹುಕಾಲ ಬಾಳುತ್ತದೆಂಬುದನ್ನೂ ಅವನು ಬಲ್ಲ. ಇಂದು ಸರ್ಕಾರಿ ಕಚೇರಿಯ ಮೇಜಿನಿಂದ ಮೇಜಿಗೆ ಹೋಗುವ ‘ಕಡತ’ಕ್ಕೆ ಈ ಬಟ್ಟೆಯ ಕಡತವೇ ಹಿರಿಯ. ಅರಮನೆಯ ಹಳೆಯ ಕಡತಗಳನ್ನು 1796ರ ನಂತರ ಕುದುರೆಗಳಿಗೆ ಹುರುಳಿ ಬೇಯಿಸುವ ಒಲೆಗೆ ಹಾಕಲಾಯಿತು ಎಂಬ ಪ್ರಸಿದ್ಧ ಕಥೆ ಬರುವುದೂ ಇದೇ ಮುನ್ನುಡಿಯಲ್ಲಿ. ಅದರ ಹೊಣೆಯನ್ನು ಅವನು ಟಿಪ್ಪುವಿನ ಮೇಲೆ ಹೊರಿಸುತ್ತಾನೆ. ಆದರೆ ಮೈಸೂರು ಅರಸರ ವಂಶಾವಳಿಯ ಕನ್ನಡ ಗ್ರಂಥವೊಂದನ್ನು ಅಸದ್ ಅನ್ವರ್ ಮತ್ತು ಗುಲಾಂ ಹುಸೇನ್ ಎಂಬವರಿಂದ ಪಾರಸಿಗೆ ಅನುವಾದ ಮಾಡಿಸಿದವನೂ ಟಿಪ್ಪುವೇ. ಆ ಅನುವಾದವನ್ನು ತಾನು ಬಳಸಿದ್ದಾಗಿ ವಿಲ್ಕ್ಸ್ ಅದೇ ಮುನ್ನುಡಿಯಲ್ಲಿ ಹೇಳುತ್ತಾನೆ. ಎರಡು ಸಂಗತಿಗಳನ್ನೂ ದಾಖಲಿಸುವಷ್ಟು ಪ್ರಾಮಾಣಿಕತೆ ಅವನಲ್ಲಿದೆ. ಒಂದನ್ನು ಇನ್ನೊಂದರ ಪಕ್ಕದಲ್ಲಿಟ್ಟು ಯೋಚಿಸುವ ಸಮಾಧಾನ ಇಲ್ಲ. ಹೈದರನ ಬಗ್ಗೆ ಬರೆಯುವಾಗ ಇರುವ ತೂಕ ಮಗನ ಬಗ್ಗೆ ಬರೆಯುವಾಗ ತಪ್ಪುವುದಕ್ಕೆ ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ಟಿಪ್ಪುವಿನ ಮೇಲಿನ ಯುದ್ಧ ವಿಲ್ಕ್ಸ್‌ನ ಸ್ವಂತ ಯುದ್ಧ. 1767–69ರ ಯುದ್ಧವಾದರೋ ಅವನು ಬಾಲಕನಾಗಿದ್ದಾಗ ನಡೆದದ್ದು. ಸೈನಿಕನೊಬ್ಬ ತಾನು ಕಾದದ ಯುದ್ಧವನ್ನು ಹೆಚ್ಚು ನ್ಯಾಯವಾಗಿ ಬರೆದಿದ್ದಾನೆಂಬುದು ‘ಸ್ಕೆಚಸ್’ ಗ್ರಂಥದ ಒಂದು ವೈಶಿಷ್ಟ್ಯ.

ಆ ಯುದ್ಧದ ನೆಲ ಹೈದರನಿಗೆ ಹೊಸದಲ್ಲ. ಅವನು ಹುಟ್ಟಿದ್ದು ಈಗಿನ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ. ತಂದೆ ಫತೇ ಮುಹಮ್ಮದನ ಸಮಾಧಿ ಕೋಲಾರದ ಮಕ್ಬರದಲ್ಲಿದೆ. 1768ರ ಬೇಸಗೆ ಮುಗಿಯುವ ವೇಳೆಗೆ ಕರ್ನಲ್ ಜೋಸೆಫ್ ಸ್ಮಿತ್‌ನ ಸೈನ್ಯ ಘಟ್ಟವನ್ನೇರಿ ಕೋಲಾರ, ಮುಳಬಾಗಿಲುಗಳನ್ನು ಹಿಡಿದಿತ್ತು. ಆರ್ಕಾಟಿನ ನವಾಬ ಮುಹಮ್ಮದ್ ಅಲಿ ಕೋಲಾರದಲ್ಲಿ ಬಿಡಾರ ಮಾಡಿದ್ದನು. ಮರಾಠ ಸರದಾರ ಮುರಾರಿರಾವ್ ಹೊಸಕೋಟೆಯ ಬಳಿ ಬಂದು ಕೂಡಿಕೊಂಡನು. ಬೆಂಗಳೂರೇ ಗುರಿ. ಆದರೆ ಈ ದಂಡಯಾತ್ರೆಗೆ ಸೇನಾಪತಿಯ ಜೊತೆಗೆ ಇನ್ನೂ ಇಬ್ಬರು ಯಜಮಾನರಿದ್ದರು. ಮದ್ರಾಸಿನ ಕೌನ್ಸಿಲು ತನ್ನ ಇಬ್ಬರು ಸದಸ್ಯರನ್ನು ಪ್ರತಿನಿಧಿಗಳೆಂದು ಪಾಳೆಯಕ್ಕೆ ಕಳುಹಿಸಿತ್ತು. ಯುದ್ಧದ ಗತಿಯನ್ನು ನಿರ್ಧರಿಸುವ ಅಧಿಕಾರ ಅವರದು, ಗೆಲ್ಲುವ ಹೊಣೆ ಸ್ಮಿತ್‌ನದು.

ವಿಲ್ಕ್ಸ್‌ನ ಲೇಖನಿ ಹರಿತವಾಗುವುದು ಇಲ್ಲಿ. ಧಾನ್ಯವೆಲ್ಲಿದೆ, ಎತ್ತುಗಳು ಎಷ್ಟು ದಿನ ನಡೆದಾವು, ನವಾಬ ಕೊಡುತ್ತೇನೆಂದ ಸಾಮಗ್ರಿ ಏಕೆ ಬರಲಿಲ್ಲ ಎಂಬ ಪ್ರಶ್ನೆಗಳನ್ನು ಆತ ಬಿಡದೆ ಬೆನ್ನಟ್ಟುತ್ತಾನೆ. ಕಂಪನಿಯ ಸೇವಕನಾಗಿದ್ದೂ ಕಂಪನಿಯ ಮದ್ರಾಸು ಸರ್ಕಾರದ ಅವಿವೇಕವನ್ನು ಮುಚ್ಚಿಡುವುದಿಲ್ಲ. ಹೈದರನ ಚಲನೆಯ ವೇಗ, ಲಘು ಅಶ್ವದಳದ ಬಳಕೆ, ಎದುರಾಳಿಯ ಸರಬರಾಜನ್ನು ಕತ್ತರಿಸುವ ಜಾಣ್ಮೆ ಇವುಗಳನ್ನು ಒಬ್ಬ ಕಸುಬುದಾರ ಇನ್ನೊಬ್ಬ ಕಸುಬುದಾರನ ಕೆಲಸವನ್ನು ನೋಡುವ ರೀತಿಯಲ್ಲಿ ನೋಡುತ್ತಾನೆ. ಸಾಮ್ರಾಜ್ಯದ ಗುಣಗಾನವೆಂದು ಅವನ ಗ್ರಂಥವನ್ನು ಒಟ್ಟಾಗಿ ತಳ್ಳಿಹಾಕುವವರು 1768ರ ಅಧ್ಯಾಯವನ್ನು ಓದಬೇಕು. ಸೇನಾಧಿಪತ್ಯದ ವಿಮರ್ಶೆ ಎಂದೇ ಅದನ್ನು ಕರೆಯಬಹುದು.

ಮುಳಬಾಗಿಲಿನ ಪ್ರಕರಣ ಈ ವಿಮರ್ಶೆಯ ತಿರುಳು. ‘ಮೂಡಲ ಬಾಗಿಲು’ ಎಂಬುದೇ ಈ ಊರಿನ ಹೆಸರಿನ ಮೂಲ. ಕರ್ನಾಟಕದ ಪ್ರಸ್ಥಭೂಮಿಗೆ ಪೂರ್ವದಿಂದ ಬರುವ ದಾರಿಯ ಕಾವಲು ಬೆಟ್ಟ ಅದು. ಅಂಥ ಠಾಣೆಯಲ್ಲಿದ್ದ ಸ್ಮಿತ್‌ನ ಸಿಪಾಯಿಗಳನ್ನು ತೆಗೆದು ನವಾಬನ ಪಡೆಯ ಕಾವಲಿಗೆ ಅದನ್ನು ಒಪ್ಪಿಸಿದವರು ಕೌನ್ಸಿಲಿನ ಪ್ರತಿನಿಧಿಗಳು. ಆ ಪಡೆಯ ನಾಯಕನು ಕೋಟೆಯನ್ನು ಹೈದರನಿಗೆ ಬಿಟ್ಟುಕೊಟ್ಟನು. ಅದನ್ನು ಮರಳಿ ಪಡೆಯಲು ಕರ್ನಲ್ ವುಡ್ ಬಂದನು. ಕೆಳಕೋಟೆ ಅವನ ಕೈಸೇರಿತು, ಬೆಟ್ಟದ ಮೇಲಿನದು ಸೇರಲಿಲ್ಲ. ಮರುದಿನ ಕಣ್ಣಿಗೆ ಬಿದ್ದ ಶತ್ರುಗಳ ಒಂದು ಚಿಕ್ಕ ತುಕಡಿಯ ಮೇಲೆ ಅಲ್ಪ ಬಲದೊಡನೆ ಅವನು ಮುನ್ನುಗ್ಗಿದಾಗ ಎದುರಾದದ್ದು ಹೈದರನ ಇಡೀ ಸೈನ್ಯ.

ಮುಂದಿನದನ್ನು ಅರಿಯಲು ಮುಳಬಾಗಿಲಿನ ಸುತ್ತಣ ನೆಲದ ಪರಿಚಯ ಬೇಕು. ಮನೆಯಷ್ಟು ದೊಡ್ಡ ಬೆಣಚುಗುಂಡುಗಳು ಬಯಲಿನ ತುಂಬ ಹರಡಿವೆ. ಒಂದು ಬಂಡೆಯ ಮರೆಯಲ್ಲಿ ನಿಂತವನಿಗೆ ಮುಂದಿನ ಬಂಡೆಯ ಆಚೆ ಏನಿದೆಯೆಂಬುದು ಕಾಣದು. ಸಾಲುಗಟ್ಟಿ ನಿಂತು ಗುಂಡು ಹಾರಿಸುವ ಕವಾಯತಿಗೆ ಅಲ್ಲಿ ಎಡೆಯಿಲ್ಲ, ಕುದುರೆಗೂ ಇಲ್ಲ. ಬಂಡೆಯಿಂದ ಬಂಡೆಗೆ ಚದುರಿದ ಕಾದಾಟದಲ್ಲಿ ವುಡ್‌ನ ಪಡೆ ಸೋಲಿನ ಅಂಚಿಗೆ ಬಂದಿತು. ಆಗ ಸಾಮಾನು ಸರಂಜಾಮಿನ ಕಾವಲಿಗಿದ್ದ ಕ್ಯಾಪ್ಟನ್ ಬ್ರೂಕ್ ತನ್ನ ನಾಲ್ಕು ಕಂಪನಿಗಳೊಡನೆ ಎರಡು ತೋಪುಗಳನ್ನು ಸುತ್ತುದಾರಿಯಿಂದ ಎಳೆಸಿಕೊಂಡು ಹೋಗಿ ಒಂದು ಚಪ್ಪಟೆ ಬಂಡೆಯ ಮೇಲೇರಿಸಿದನು. ಅಲ್ಲಿಂದ ಚರೆಗುಂಡು ಹಾರಿಸುತ್ತ ತನ್ನವರೆಲ್ಲರಿಂದ ಸ್ಮಿತ್‌ನ ಹೆಸರಿನ ಜಯಘೋಷ ಮಾಡಿಸಿದನು. ಸ್ಮಿತ್ ಅಲ್ಲಿರಲಿಲ್ಲ. ಆದರೆ ಅವನು ಸೈನ್ಯಸಮೇತ ಬಂದನೆಂದು ಎರಡು ಕಡೆಯವರೂ ನಂಬಿದರು. ಹೈದರನ ಪಡೆ ಹಿಂಜರಿಯಿತು. ವುಡ್‌ನ ಚದುರಿದ ಸಿಪಾಯಿಗಳು ಮತ್ತೆ ಕೂಡಿಕೊಂಡರು. ನಿಜ ತಿಳಿದು ಹೈದರನು ಮರಳಿ ಬೀಳುವ ವೇಳೆಗೆ ಇಂಗ್ಲಿಷರಿಗೆ ಗಟ್ಟಿ ನೆಲೆ ಸಿಕ್ಕಿತ್ತು. ಇಂಗ್ಲಿಷರ ಕಡೆ ಇನ್ನೂರಕ್ಕೂ ಹೆಚ್ಚು ಮಂದಿ ಸತ್ತರು ಇಲ್ಲವೆ ಗಾಯಗೊಂಡರು. ಹೈದರನ ಕಡೆಯ ನಷ್ಟ ಸುಮಾರು 1000 ಎಂಬ ಅಂದಾಜಿದೆ. ಅದು ಎದುರಾಳಿಯ ಅಂದಾಜು ಎಂಬುದನ್ನು ನೆನಪಿನಲ್ಲಿಡಬೇಕು.

ಈ ಪ್ರಕರಣವನ್ನು ಸಾಮಾನ್ಯವಾಗಿ ಬ್ರೂಕ್‌ನ ಸಮಯಸ್ಫೂರ್ತಿಗೆ ಉದಾಹರಣೆಯಾಗಿ ಉದ್ಧರಿಸುತ್ತಾರೆ. ಅದಕ್ಕಿಂತ ಸ್ವಾರಸ್ಯವಾದುದು ವಿಲ್ಕ್ಸ್‌ನ ಕಥನದಲ್ಲಿ ಇದಕ್ಕೆ ಕೆಲವೇ ಪುಟಗಳ ಹಿಂದೆ ಬರುವ ಇನ್ನೊಂದು ಘಟನೆಯೊಡನೆ ಇದಕ್ಕಿರುವ ಸಂಬಂಧ. ಮುಳಬಾಗಿಲಿನ ಕದನಕ್ಕೆ ಕೆಲವು ವಾರಗಳ ಮೊದಲು ಇದೇ ವುಡ್ ಬಾರಾಮಹಲಿನಿಂದ ಬೂದಿಕೋಟೆಯ ಮಾರ್ಗವಾಗಿ ಮೇಲೆ ಬರುತ್ತಿದ್ದನು. ಅವನನ್ನು ದಾರಿಯಲ್ಲಿ ಹಿಡಿಯಲು ಹೈದರನು ಹೊಂಚುಹಾಕಿದ್ದನು. ಹೈದರನನ್ನು ಹಿಡಿಯಲು ಸ್ಮಿತ್ ಸದ್ದಿಲ್ಲದೆ ಸಮೀಪಿಸುತ್ತಿದ್ದನು. ಸ್ಮಿತ್ ಬರುತ್ತಿರುವ ಸುದ್ದಿ ತಿಳಿದ ವುಡ್ ಮೇಲಧಿಕಾರಿಗೆ ಗೌರವ ಸೂಚಿಸಲೆಂದು ತೋಪುಗಳನ್ನು ಹಾರಿಸಿಬಿಟ್ಟನು. ಆ ಸದ್ದಿಗೆ ಹೈದರನು ಎಚ್ಚೆತ್ತು ಜಾರಿಕೊಂಡನು. ಯುದ್ಧವನ್ನು ಬೇಗ ಮುಗಿಸಬಹುದಾಗಿದ್ದ ಒಂದು ಸಂದರ್ಭ ಮರ್ಯಾದೆಯ ತೋಪಿನಲ್ಲಿ ಹಾರಿಹೋಯಿತು.

ಎರಡು ಘಟನೆಗಳನ್ನು ಒಟ್ಟಿಗಿಟ್ಟು ನೋಡಿದರೆ ವಿಲ್ಕ್ಸ್ ಯುದ್ಧವನ್ನು ಅರಿತುಕೊಂಡ ಬಗೆ ಹೊಳೆಯುತ್ತದೆ. ಎರಡರಲ್ಲಿಯೂ ಸೈನ್ಯಗಳು ಒಂದನ್ನೊಂದು ಕಾಣುತ್ತಿಲ್ಲ, ಕೇಳುತ್ತಿವೆ. ಬೂದಿಕೋಟೆಯ ಬಳಿ ಸ್ಮಿತ್ ನಿಜವಾಗಿಯೂ ಬಂದಿದ್ದನು, ಸದ್ದು ಅವನ ಕೆಲಸ ಕೆಡಿಸಿತು. ಮುಳಬಾಗಿಲಿನಲ್ಲಿ ಸ್ಮಿತ್ ಬಂದೇ ಇರಲಿಲ್ಲ, ಸದ್ದು ಅವನ ಕೆಲಸವನ್ನು ಮಾಡಿತು. ಬಲಾಬಲಗಳ ಪಟ್ಟಿಯಿಂದ ಯುದ್ಧದ ಫಲವನ್ನು ಲೆಕ್ಕ ಹಾಕಬಹುದೆಂದು ನಂಬಿದ್ದ ಡಿರಮ್, ಬೀಟ್ಸನ್ನರ ಕೋಷ್ಟಕಗಳಲ್ಲಿ ಇಂಥದಕ್ಕೆ ಸ್ಥಳವಿಲ್ಲ. ಸುದ್ದಿ, ತಪ್ಪು ತಿಳಿವಳಿಕೆ, ಒಂದು ಹೆಸರಿನ ಭಯ ಇವು ಮದ್ದುಗುಂಡಿನಷ್ಟೇ ಯುದ್ಧದ ಸಾಮಗ್ರಿ ಎಂದು ವಿಲ್ಕ್ಸ್ ತತ್ತ್ವವಾಗಿ ಎಲ್ಲಿಯೂ ಹೇಳಿದವನಲ್ಲ. ಘಟನೆಗಳನ್ನು ಆಯ್ದ ರೀತಿಯಲ್ಲಿ, ಅವುಗಳಿಗೆ ಕೊಟ್ಟ ಪುಟಗಳಲ್ಲಿ ಅದನ್ನು ತೋರಿಸಿದ್ದಾನೆ. ಬ್ರೂಕ್‌ನನ್ನು ಮೆಚ್ಚುವ ನೆಪದಲ್ಲಿ ವುಡ್‌ನ ದುಡುಕನ್ನೂ, ಕೋಟೆಯನ್ನು ಕಳೆದ ಪ್ರತಿನಿಧಿಗಳ ತಪ್ಪನ್ನೂ ಓದುಗನ ಮುಂದಿಡುತ್ತಾನೆ. ಮುಳಬಾಗಿಲಿನ ಗೆಲುವು ಅವನ ಕಥನದಲ್ಲಿ ಗೆಲುವಾಗಿ ಉಳಿಯುವುದೂ ಇಲ್ಲ. ನವೆಂಬರಿನಲ್ಲಿ ವುಡ್ ಬಾಗಲೂರಿನಲ್ಲಿ ಭಾರಿ ತೋಪುಗಳನ್ನೇ ಕಳೆದುಕೊಂಡನು. ಮರುವರ್ಷದ ಮಾರ್ಚಿ ಕೊನೆಗೆ ಹೈದರನು ಮದ್ರಾಸಿನ ಹೊರವಲಯದಲ್ಲಿ ನಿಂತು ಸಂಧಿಯ ಮಾತಾಡಿದನು.

ಇಷ್ಟು ಹೇಳಿದ ಮೇಲೆ ಈ ಕಥನದ ಕೊರತೆಯನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕಾಗುತ್ತದೆ. ಮುಳಬಾಗಿಲಿನ ಬಂಡೆಗಳ ನಡುವೆ ಬಿದ್ದವರಲ್ಲಿ ಬಹುಪಾಲು ಸಿಪಾಯಿಗಳು. ಬ್ರೂಕ್‌ನ ತೋಪುಗಳನ್ನು ಬಂಡೆಯ ಮೇಲಕ್ಕೆ ಎಳೆದವರು, ಅರ್ಥ ತಿಳಿಯದ ಒಂದು ಹೆಸರನ್ನು ಗಂಟಲು ಹರಿಯುವಂತೆ ಕೂಗಿದವರು ಅವರೇ. ಅವರಲ್ಲಿ ಒಬ್ಬನ ಹೆಸರೂ ಈ ಕಥನದಲ್ಲಿ ಬರುವುದಿಲ್ಲ. ಹೈದರನ ಕಡೆಯ ಸಾವಿರ ಮಂದಿಯ ವಿಚಾರ ಹೇಳುವುದೇ ಬೇಡ. ಎರಡು ಸೈನ್ಯಗಳು ತಿಂಗಳುಗಟ್ಟಲೆ ಮೇದ ಸೀಮೆಯ ರೈತನು ಧಾನ್ಯದ ರೂಪದಲ್ಲಿ, ಎತ್ತಿನ ರೂಪದಲ್ಲಿ ಮಾತ್ರ ಕಾಣಿಸಿಕೊಳ್ಳುತ್ತಾನೆ. ಸೈನಿಕ ಲೇಖಕನ ಕಣ್ಣಿಗೆ ಮಾಲೂರು ಒಂದು ದಾರಿ, ಕೋಲಾರ ಒಂದು ಉಗ್ರಾಣ, ಮುಳಬಾಗಿಲು ಒಂದು ಠಾಣೆ. ಊರುಗಳಾಗಿ ಅವು ಅವನಿಗೆ ಕಾಣುವುದಿಲ್ಲ.

ಎಲ್ಲ ಕಾಲದ ಯುದ್ಧಬರಹಕ್ಕೂ ಇದು ಸಹಜವೇ ಎಂದು ಸಮಾಧಾನ ಹೇಳುವಂತಿಲ್ಲ. ಯುದ್ಧವನ್ನು ಬರೆಯುವ ಇನ್ನೊಂದು ಕ್ರಮ ಇದೇ ನೆಲದಲ್ಲಿ ವಿಲ್ಕ್ಸ್‌ಗಿಂತ ಸಾವಿರ ವರ್ಷ ಹಿಂದೆಯೇ ರೂಢಿಯಲ್ಲಿತ್ತು. 1905ರಲ್ಲಿ ರೈಸ್ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಹತ್ತನೆಯ ಸಂಪುಟ ಕೋಲಾರ ಜಿಲ್ಲೆಯದು. ಗಂಗರು, ಬಾಣರು, ನೊಳಂಬರ ಕಾಲದ ವೀರಗಲ್ಲುಗಳು ಅದರಲ್ಲಿ ಹೇರಳವಾಗಿವೆ. ತುರುಗೊಳ್ಳಿನಲ್ಲಿ, ಊರಳಿವಿನಲ್ಲಿ ಕಾದಿ ಸತ್ತವನ ಹೆಸರು, ಅವನು ಯಾರ ಮಗ, ಯಾರ ಆಳು, ಅವನ ಮನೆಯವರಿಗೆ ಬಿಟ್ಟ ಕಲ್ನಾಡು ಎಷ್ಟು ಎಂಬುದು ಈ ಶಾಸನಗಳ ವಸ್ತು. ಯುದ್ಧ ಏಕೆ ನಡೆಯಿತು, ಸೇನಾಪತಿ ಎಲ್ಲಿ ತಪ್ಪಿದ ಎಂಬುದು ವೀರಗಲ್ಲಿಗೆ ಬೇಕಿಲ್ಲ. ಸತ್ತವನು ಯಾರೆಂಬುದು ವಿಲ್ಕ್ಸ್‌ಗೆ ಬೇಕಿಲ್ಲ. ವೀರಗಲ್ಲು ಒಬ್ಬನನ್ನು ಉಳಿಸಿ ಯುದ್ಧವನ್ನು ಮರೆಯುತ್ತದೆ, ‘ಸ್ಕೆಚಸ್’ ಯುದ್ಧವನ್ನು ಉಳಿಸಿ ಅವನನ್ನು ಮರೆಯುತ್ತದೆ. ಹತ್ತನೆಯ ಸಂಪುಟವನ್ನು ಸಂಪಾದಿಸಿದ ರೈಸ್‌ನೇ ಗ್ಯಾಸೆಟಿಯರಿನಲ್ಲಿ ವಿಲ್ಕ್ಸ್‌ನನ್ನು ಅನುಸರಿಸಿದನೆಂಬುದು ಗಮನಿಸತಕ್ಕ ವಿಷಯ. ಎರಡು ದಾಖಲೆಗಳೂ ಒಬ್ಬನ ಕೈಯಲ್ಲೇ ಇದ್ದವು, ಆದರೆ ಬೇರೆ ಬೇರೆ ಕಪಾಟುಗಳಲ್ಲಿ.

ಹೈದರನ ಕಾಲಕ್ಕೆ ಬಂದರೆ ಕನ್ನಡದಲ್ಲಿ ದಾಖಲೆ ಇಲ್ಲವೆಂದಲ್ಲ. ಅವನು ತೀರಿಕೊಂಡ ಎರಡು ವರ್ಷಕ್ಕೆ, 1784ರಲ್ಲಿ ರಚಿತವಾದ ‘ಹೈದರ್‌ನಾಮೆ’ ಎಂಬ ಕನ್ನಡ ಗದ್ಯಗ್ರಂಥ ಉಳಿದುಬಂದಿದೆ. ಮೈಸೂರು ಪುರಾತತ್ತ್ವ ಇಲಾಖೆಯ 1930ರ ವರದಿ ಅದನ್ನು ವಿದ್ವಾಂಸರ ಗಮನಕ್ಕೆ ತಂದಿತು. ಮೈಸೂರು ಸರ್ಕಾರ ವಿಲ್ಕ್ಸ್‌ನ ಗ್ರಂಥವನ್ನು ಮರುಮುದ್ರಿಸಿದ್ದೂ 1930ರಲ್ಲಿಯೇ. ಪಾರಸಿಯಲ್ಲಿ ಕಿರ್ಮಾನಿಯ ‘ನಿಶಾನ್-ಎ-ಹೈದರಿ’ ಇದೆ. ಅದನ್ನು ಇಂಗ್ಲಿಷಿಗೆ ತಂದವನೂ ಕರ್ನಲ್ ಮೈಲ್ಸ್ ಎಂಬ ಸೈನಿಕನೇ. ಮುಂದೆ ಹಯವದನರಾಯರ ‘ಹಿಸ್ಟರಿ ಆಫ್ ಮೈಸೂರ್’ ಈ ಆಕರಗಳನ್ನು ಬಳಸಿ ವಿಲ್ಕ್ಸ್‌ನನ್ನು ಅಲ್ಲಲ್ಲಿ ತಿದ್ದಿತು. ಆದರೆ ತಿದ್ದುಪಡಿಗಳು ಹೆಚ್ಚಾಗಿ ಇಸವಿ, ಹೆಸರು, ರಾಜವಂಶದ ವಿವರಗಳಿಗೆ ಸಂಬಂಧಿಸಿದವು. ಕದನಗಳ ವರ್ಣನೆಯಲ್ಲಿ ವಿಲ್ಕ್ಸ್‌ನ ಚೌಕಟ್ಟು ಹಾಗೆಯೇ ಉಳಿಯಿತು. ಇದೇ ಸೀಮೆ ಕನ್ನಡಕ್ಕೆ ಮಾಸ್ತಿಯವರನ್ನೂ ಡಿ.ವಿ.ಜಿ. ಅವರನ್ನೂ ಕೊಟ್ಟಿತು. ಮಾಸ್ತಿಯವರು ರಾಜ್ಯಗಳ ಪತನವನ್ನು ಕಾದಂಬರಿಯಾಗಿ ಬರೆಯಲು ಹೊರಟಾಗ ಆಯ್ದುಕೊಂಡದ್ದು ದೂರದ ಬಿದನೂರನ್ನು ಮತ್ತು ಕೊಡಗನ್ನು. ಮಾಲೂರು ತಾಲ್ಲೂಕಿನ ತಮ್ಮ ಮಾಸ್ತಿಗೆ ಹತ್ತಿರದಲ್ಲೇ ನಡೆದ 1768ರ ಯುದ್ಧ ಅವರ ಕಾದಂಬರಿಗೆ ವಸ್ತುವಾಗಲಿಲ್ಲ.

ವಿಲ್ಕ್ಸ್‌ಗೆ ಆಕರಗಳನ್ನು ಒದಗಿಸಲು ನೆರವಾದ ಪೂರ್ಣಯ್ಯನ ಗುರುತು ಈ ಸೀಮೆಯಲ್ಲಿ ಇನ್ನೊಂದು ಬಗೆಯಲ್ಲಿ ಉಳಿದಿದೆ. ಹಿಂದೆ ಪಾಪನಪಲ್ಲಿ ಎನಿಸಿದ್ದ ಊರಿಗೆ ತಿರುಪತಿ ಯಾತ್ರೆಯಿಂದ ಮರಳುವಾಗ ಆತ ತನ್ನ ಮಗ ಶ್ರೀನಿವಾಸಮೂರ್ತಿಯ ಹೆಸರಿಟ್ಟನೆಂದೂ, ಅದೇ ಶ್ರೀನಿವಾಸಪುರವಾಯಿತೆಂದೂ ಗ್ಯಾಸೆಟಿಯರು ಹೇಳುತ್ತದೆ. ಹೈದರ್, ಟಿಪ್ಪು ಇಬ್ಬರ ಬಳಿಯೂ ಸೇವೆ ಸಲ್ಲಿಸಿ, ಅವರ ಮನೆತನದ ನಂತರ ಒಡೆಯರ ದಿವಾನನಾದ ಪೂರ್ಣಯ್ಯನಿಗೆ ಈ ಯುದ್ಧಗಳ ಒಳಮುಖ ತಿಳಿದಿದ್ದಷ್ಟು ಬೇರೆ ಯಾರಿಗೂ ತಿಳಿದಿರಲಾರದು. ಅವನು ಪುಸ್ತಕ ಬರೆಯಲಿಲ್ಲ. ಹೇಳಿದನು, ಇನ್ನೊಬ್ಬ ಬರೆದುಕೊಂಡನು. ಆದುದರಿಂದ ವಿಲ್ಕ್ಸ್‌ನ ಪುಟಗಳಲ್ಲಿ ಹೈದರನ ಆಸ್ಥಾನದ ಒಳವಿವರ ಬಂದ ಕಡೆಗಳಲ್ಲೆಲ್ಲ ಹೊಸ ಸರ್ಕಾರದ ದಿವಾನನೊಬ್ಬ ಹಳೆಯ ಒಡೆಯನ ಬಗ್ಗೆ ರೆಸಿಡೆಂಟನಿಗೆ ಎಷ್ಟು ಹೇಳಬಹುದಾಗಿತ್ತು ಎಂಬುದನ್ನು ಕೇಳಿಕೊಂಡೇ ಓದಬೇಕಾಗುತ್ತದೆ. ಕದನದ ನೆಲ, ದಾರಿ, ಸರಬರಾಜುಗಳ ವಿಚಾರದಲ್ಲಿ ಈ ಶಂಕೆ ಅಷ್ಟಾಗಿ ತಟ್ಟುವುದಿಲ್ಲ.

ಮುಳಬಾಗಿಲಿನ ಕದನವಾಗಿ ಇಪ್ಪತ್ತೆರಡು ವರ್ಷಗಳ ಮೇಲೆ, 1791ರ ಫೆಬ್ರವರಿಯಲ್ಲಿ, ಕಾರ್ನ್‌ವಾಲಿಸನ ಸೈನ್ಯ ಮುಗಳಿ ಕಣಿವೆಯಿಂದ ಮೇಲೇರಿ ಇದೇ ಮುಳಬಾಗಿಲು, ಕೋಲಾರ, ಹೊಸಕೋಟೆಗಳ ಮಾರ್ಗವಾಗಿ ಬೆಂಗಳೂರಿಗೆ ನಡೆಯಿತು. ವಿಲ್ಕ್ಸ್ ಆಗ ಸೈನ್ಯದ ಸೇವೆಯಲ್ಲಿದ್ದನು. ಅದು ಅವನ ಕಾಲದ, ಅವನ ಜೊತೆಗಾರರ ಯುದ್ಧ. 1768ರಲ್ಲಿ ಅಷ್ಟೊಂದು ಪುಟಗಳನ್ನು ಪಡೆದ ಈ ಸೀಮೆ 1791ರ ಕಥನದಲ್ಲಿ ಕೆಲವೇ ಸಾಲುಗಳಲ್ಲಿ ಮುಗಿದುಹೋಗುತ್ತದೆ. ಕೋಲಾರ, ಹೊಸಕೋಟೆಗಳು ಹೋರಾಟವಿಲ್ಲದೆ ಶರಣಾದವು, ಸೈನ್ಯ ಮುಂದೆ ಹೋಯಿತು, ಲೇಖಕನೂ ಅದರ ಹಿಂದೆ ಹೋದನು.